ಓದಿದ್ದು ಜರ್ಮನಿಯಲ್ಲಿ, ಮಾರ್ಕ್ಸ್ ಕಾರ್ಡ್ ಬೆಂಗಳೂರಿನಲ್ಲಿ

ಡಿಸೆಂಬರ್‌ನ ಒಂದು ಬೆಳಿಗ್ಗೆ ಫೋನ್ ಸದ್ದಿಗೆ ಎಚ್ಚರವಾಯಿತು. ಕಿಟಕಿಯಾಚೆ ಇನ್ನೂ ಕತ್ತಲು. ಬೆಂಗಳೂರಿನಿಂದ ನನ್ನ ಕ್ಲಾಸ್‌ಮೇಟ್ ಒಂದು ಫೋಟೋ ಕಳಿಸಿದ್ದಳು. ನಮ್ಮ ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡು. ಅದರ ಮೇಲೆ 5ನೇ ಸೆಮಿಸ್ಟರಿನ ಡಿಟೇನ್ಡ್ ಲಿಸ್ಟ್, ಅಂದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸದವರ ಪಟ್ಟಿ. ಏಳು ಯುಎಸ್‌ಎನ್‌ಗಳಿದ್ದವು, ಅಂದರೆ ವಿದ್ಯಾರ್ಥಿಗಳ ನೋಂದಣಿ ಸಂಖ್ಯೆಗಳು. ನಾಲ್ಕನೆಯದು ನನ್ನದು. ಎಂಟೂ ಸಬ್ಜೆಕ್ಟಿನ ಅಟೆಂಡೆನ್ಸ್ ಕಾಲಂನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

“ಲೇ, ಏನೇ ಇದು? ನೀನು ಜರ್ಮನಿಲಿ ಇರೋದು ಇವ್ರಿಗೆ ಗೊತ್ತಿಲ್ವಾ?” ಅಂತ ಕೆಳಗೆ ಬರೆದಿದ್ದಳು.

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಕಳಿಸಿದ್ದೇ ಕಾಲೇಜು. ಹೊರಡುವ ಮುಂಚೆ ಪ್ರಿನ್ಸಿಪಾಲರ ಚೇಂಬರಿನಲ್ಲಿ ಹೂಗುಚ್ಛ ಕೊಟ್ಟು ಫೋಟೋ ತೆಗೆಸಿದ್ದರು. ಆದರೆ ಅಟೆಂಡೆನ್ಸ್ ಸಾಫ್ಟ್‌ವೇರಿನಲ್ಲಿ ನನ್ನ ಹೆಸರಿನ ಮುಂದೆ ಯಾರೂ ಏನೂ ಹಾಕಿರಲಿಲ್ಲ.

ಹೊರದೇಶಕ್ಕೆ ಓದಲು ಹೋಗುವವರಿಗೆ ವೀಸಾ, ರೂಮು, ಚಳಿ ಬಟ್ಟೆ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಮ್ಮದೇ ಕಾಲೇಜಿನ ನಿಯಮ ಏನು, ಬಿಟ್ಟು ಹೋದ ಸೆಮಿಸ್ಟರ್ ಏನಾಗುತ್ತೆ ಅಂತ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ. ನನಗೆ ಕಷ್ಟ ಬಂದದ್ದು ಅಲ್ಲೇ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮೂರು ತಿಪಟೂರಿನ ಹತ್ತಿರ. ಅಪ್ಪನದು ತೆಂಗಿನ ತೋಟ, ಕೊಬ್ಬರಿ. ನಾನು ಓದುತ್ತಿರುವುದು ಬೆಂಗಳೂರಿನ ಒಂದು ಅಟಾನಮಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಮೆಕ್ಯಾನಿಕಲ್. ಅಟಾನಮಸ್ ಅಂದರೆ ಡಿಗ್ರಿ ಕೊಡುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ). ಸಿಲಬಸ್ ಮಾಡುವುದು, ಪರೀಕ್ಷೆ ನಡೆಸುವುದು ಕಾಲೇಜೇ. ಹಾಗಾಗಿ ಹೊರಗೆ ಓದಿದ್ದನ್ನು ಒಪ್ಪಬೇಕೋ ಬೇಡವೋ ಅಂತ ಮೊದಲು ತೀರ್ಮಾನ ಆಗುವುದೂ ಕಾಲೇಜಿನಲ್ಲೇ. ಡಿಪಾರ್ಟ್‌ಮೆಂಟಿನ ಪಠ್ಯ ನೋಡಿಕೊಳ್ಳುವ ಬೋರ್ಡ್ ಆಫ್ ಸ್ಟಡೀಸ್, ಅದರ ಮೇಲೆ ಇಡೀ ಕಾಲೇಜಿನ ಅಕಾಡೆಮಿಕ್ ಕೌನ್ಸಿಲ್. ಈ ಎರಡು ಹೆಸರು ನಾನು ಹೊರಡುವವರೆಗೂ ಕೇಳಿಯೇ ಇರಲಿಲ್ಲ.

2024ರ ಶುರುವಿನಲ್ಲಿ ನೋಟಿಸ್ ಬಂತು. ಜರ್ಮನಿಯ ಬವೇರಿಯ ರಾಜ್ಯದ ಒಂದು ಸಣ್ಣ ಊರಿನ ತಾಂತ್ರಿಕ ಕಾಲೇಜಿನ ಜೊತೆ ನಮ್ಮ ಕಾಲೇಜು ಎಂಒಯು, ಅಂದರೆ ಒಪ್ಪಂದ ಮಾಡಿಕೊಂಡಿತ್ತು. ಬವೇರಿಯಕ್ಕೂ ಕರ್ನಾಟಕಕ್ಕೂ 2007ರಿಂದ ಸರ್ಕಾರದ ಮಟ್ಟದಲ್ಲಿ ಸಹಭಾಗಿತ್ವ ಇದೆ. ಹಾಗಾಗಿ ಆ ಕಡೆಯ ಕಾಲೇಜುಗಳ ಹೆಸರು ಇಲ್ಲಿ ಆಗಾಗ ಕೇಳಿಬರುತ್ತದೆ. ವರ್ಷಕ್ಕೆ ಇಬ್ಬರಿಗೆ ಒಂದು ಸೆಮಿಸ್ಟರ್. ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ಸಬ್ಜೆಕ್ಟ್, ಇರಬಾರದು. ಫೀಸು ನಮ್ಮ ಕಾಲೇಜಿಗೆ ಕಟ್ಟಬೇಕು, ಅಲ್ಲಿ ಟ್ಯೂಷನ್ ಫೀಸ್ ಇಲ್ಲ. ಅಲ್ಲಿಗೆ ಕೊಡಬೇಕಾದದ್ದು ಸೆಮಿಸ್ಟರ್ ಶುಲ್ಕ ಮಾತ್ರ, ಅದು ನೂರು ಯೂರೋ ಒಳಗೇ ಇತ್ತು. ನಾನು ಮತ್ತು ಎಲೆಕ್ಟ್ರಾನಿಕ್ಸ್‌ನ ಒಬ್ಬ ಹುಡುಗ ಆಯ್ಕೆಯಾದೆವು. ನಾವೇ ಮೊದಲ ಬ್ಯಾಚ್.

ದುಡ್ಡಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ವೀಸಾಕ್ಕಾಗಿ ಖರ್ಚಿನ ಹಣ ಮೊದಲೇ ಇಡುವ ಬ್ಲಾಕ್ಡ್ ಅಕೌಂಟಿನಲ್ಲಿ ಆಗ ತಿಂಗಳಿಗೆ 934 ಯೂರೋ ಲೆಕ್ಕದಲ್ಲಿ ಇಡಬೇಕಿತ್ತು. ಆರು ತಿಂಗಳಿಗೆ 5,604 ಯೂರೋ, ಅಂದರೆ ಐದು ಲಕ್ಷ ರೂಪಾಯಿಯ ಸುಮಾರು. ಆ ವರ್ಷದ ಸೆಪ್ಟೆಂಬರಿನಿಂದ ಅದು 992 ಯೂರೋ ಆಯಿತು. ಅಷ್ಟರಲ್ಲಿ ನಮ್ಮ ಅರ್ಜಿ ಹೋಗಿತ್ತು. ಆ ಹಣ ನಮ್ಮದೇ, ತಿಂಗಳು ತಿಂಗಳು ನಮ್ಮ ಕೈಗೇ ಬರುತ್ತದೆ. ಆದರೂ ಒಟ್ಟಿಗೆ ಹೊಂದಿಸುವುದು ಅಪ್ಪನಿಗೆ ಸುಲಭ ಆಗಲಿಲ್ಲ. ಅಮ್ಮನ ಬಳೆ ಬ್ಯಾಂಕಿಗೆ ಹೋಯಿತು. ಈ ಸಾಲದ ನೆನಪು ನನಗೆ ಅಲ್ಲಿದ್ದಷ್ಟು ದಿನವೂ ಇತ್ತು. ಸೆಮಿಸ್ಟರ್ ವೇಸ್ಟ್ ಆಗಬಹುದು ಅಂದಾಗ ನನಗೆ ಅಷ್ಟೊಂದು ಭಯವಾಗಿದ್ದು ಅದಕ್ಕೇ.

ಇನ್ನು ಕ್ರೆಡಿಟ್ಟಿನ ಲೆಕ್ಕ, ಅಂದರೆ ಒಂದೊಂದು ಸಬ್ಜೆಕ್ಟ್ ಎಷ್ಟು ತೂಕದ್ದು ಅನ್ನುವ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಯುರೋಪಿನಲ್ಲಿ ಇಸಿಟಿಎಸ್ ಅಂತ ಕ್ರೆಡಿಟ್ ಪದ್ಧತಿ ಇದೆ. ಒಂದು ಸೆಮಿಸ್ಟರಿಗೆ 30, ವರ್ಷಕ್ಕೆ 60. ನಮ್ಮಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ಸರಾಸರಿ ತೆಗೆದರೆ ಸೆಮಿಸ್ಟರಿಗೆ 20. ಹಾಗಾಗಿ ಅಲ್ಲಿಯ 30 ನಮ್ಮ 20ಕ್ಕೆ ಸಮ, ಒಂದೂವರೆಗೆ ಒಂದು ಅಂತ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಲೆಕ್ಕ ಹಾಕಿದರು. ಕೇಳಲು ಸರಿಯಾಗೇ ಇದೆ. ಆದರೆ ಅಲ್ಲಿ ಒಂದೊಂದು ಸಬ್ಜೆಕ್ಟಿಗೂ 5 ಇಸಿಟಿಎಸ್. ಅದನ್ನು ಒಂದೂವರೆಯಿಂದ ಭಾಗಿಸಿದರೆ 3.33. ದಶಮಾಂಶ ಬಿಟ್ಟು 3 ಅಂತ ಬರೆದರು. ನಮ್ಮಲ್ಲಿ ಡಿಸೈನ್ ಆಫ್ ಮಷಿನ್ ಎಲಿಮೆಂಟ್ಸ್ 4 ಕ್ರೆಡಿಟ್. ಅಲ್ಲಿ ಅದೇ ಪಾಠ ಓದಿ ಪಾಸಾಗಿ ಬಂದರೂ ಒಂದು ಕ್ರೆಡಿಟ್ ಖೋತಾ. ಟರ್ಬೊ ಮಷಿನ್ಸ್ ಕೂಡ ಹಾಗೇ. ನನ್ನ 5ನೇ ಸೆಮಿಸ್ಟರಿಗೆ ಇದ್ದದ್ದು 22 ಕ್ರೆಡಿಟ್. ಹೀಗೆ ಒಂದೊಂದಾಗಿ ಉದುರಿದರೆ ಕೊನೆಗೆ ಏನು ಉಳಿಯುತ್ತೆ?

ನಮ್ಮ ಮಷಿನ್ ಡಿಸೈನ್ ಪಾಠ ಮಾಡುವ ಸರ್ ಒಂದು ದಾರಿ ಹೇಳಿದರು. “ಕ್ರೆಡಿಟ್ ನೋಡ್ಬೇಡ. ಕ್ಲಾಸ್ ಎಷ್ಟು ಗಂಟೆ ನಡೆಯುತ್ತೆ ನೋಡು.” ಅಲ್ಲಿಯ ಕಾಲೇಜಿನ ಮಾಡ್ಯೂಲ್ ಹ್ಯಾಂಡ್‌ಬುಕ್ ತೆಗೆದೆ. ಪ್ರತಿ ಸಬ್ಜೆಕ್ಟಿಗೂ ಒಂದು ಪುಟ. ಅದರಲ್ಲಿ ಒಂದು ಸಾಲು: ಒಟ್ಟು 150 ಗಂಟೆ. ಅದರಲ್ಲಿ ಕ್ಲಾಸು 60 ಗಂಟೆ, ಸ್ವಂತ ಓದು 90 ಗಂಟೆ. ವಾರಕ್ಕೆ ನಾಲ್ಕು ಅವಧಿ, 15 ವಾರ. ನಮ್ಮಲ್ಲಿ ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ. 4 ಕ್ರೆಡಿಟ್ಟಿಗೆ 60 ಗಂಟೆ. ಸರಿಹೋಯಿತಲ್ಲ! ಆ ಪುಟ ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಹೈಲೈಟರ್ ಹಾಕಿ, ನಮ್ಮ ಸಿಲಬಸ್ಸಿನ ಪುಟ ಅದರ ಪಕ್ಕ ಇಟ್ಟು ಪಿನ್ ಮಾಡಿ ಎಚ್ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಮುಂದಿಟ್ಟೆ. ಮಷಿನ್ ಡಿಸೈನ್‌ಗೆ ಪೂರ್ತಿ 4 ಸಿಕ್ಕಿತು. ಟರ್ಬೊ ಮಷಿನ್ಸ್‌ಗೆ ಸಿಗಲಿಲ್ಲ, ಯಾಕಂದರೆ ನಮ್ಮಲ್ಲಿ ಅದಕ್ಕೆ ಲ್ಯಾಬ್ ಸೇರಿದೆ, ಅಲ್ಲಿ ಇಲ್ಲ. ಅದು ನ್ಯಾಯವೇ. ಬಂದ ಮೇಲೆ ಲ್ಯಾಬ್ ಮಾಡಿ ಮುಗಿಸು ಅಂದರು, ಒಪ್ಪಿದೆ.

ಹೋಗುವವರು ಯಾರೇ ಇರಲಿ, ಈ ಮಾಡ್ಯೂಲ್ ಹ್ಯಾಂಡ್‌ಬುಕ್ಕಿನ ಪುಟಗಳನ್ನು ಮೊದಲೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಸಬ್ಜೆಕ್ಟಿನ ಹೆಸರು ನೋಡಿ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಒಳಗೆ ಏನು ಪಾಠ, ಎಷ್ಟು ಗಂಟೆ, ಪರೀಕ್ಷೆ ಹೇಗೆ, ಮೂರೂ ಅದರಲ್ಲಿರುತ್ತದೆ.

ಅಲ್ಲಿ ಸಿಗದ ಸಬ್ಜೆಕ್ಟುಗಳೂ ಇದ್ದವು. ಪರಿಸರ ಅಧ್ಯಯನ, ರಿಸರ್ಚ್ ಮೆಥಡಾಲಜಿ ಮತ್ತು ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು). “ಇವನ್ನ ಎನ್‌ಪಿಟಿಇಎಲ್‌ನಲ್ಲಿ ಮಾಡ್ಕೋ, ಆನ್‌ಲೈನ್ ತಾನೇ, ಎಲ್ಲಿಂದ ಬೇಕಾದ್ರೂ ಆಗುತ್ತೆ” ಅಂದರು. ನಾನೂ ತಲೆಯಾಡಿಸಿದೆ. ಎನ್‌ಪಿಟಿಇಎಲ್ ಅಂದರೆ ಐಐಟಿ, ಐಐಎಸ್‌ಸಿಗಳು ನಡೆಸುವ ಆನ್‌ಲೈನ್ ಕೋರ್ಸುಗಳು. ಪಾಠ ಆನ್‌ಲೈನ್ ನಿಜ, ಅಸೈನ್‌ಮೆಂಟೂ ಆನ್‌ಲೈನ್. ಆದರೆ 100ಕ್ಕೆ 75 ಅಂಕದ ಕೊನೆಯ ಪರೀಕ್ಷೆಗೆ ಇಲ್ಲಿಯ ಸೆಂಟರಿನಲ್ಲೇ ಹೋಗಿ ಕೂರಬೇಕು. ಜುಲೈನಲ್ಲಿ ಶುರುವಾಗುವ ಕೋರ್ಸಿನ ಪರೀಕ್ಷೆ ಬರುವುದು ಅಕ್ಟೋಬರಿನ ಆಸುಪಾಸು. ಆಗ ನಾನು ಬವೇರಿಯದಲ್ಲಿ. ಇದನ್ನು ಹೊಳೆಯಿಸಿದ್ದು ಲೈಬ್ರರಿಯಲ್ಲಿ ಪಕ್ಕ ಕೂತಿದ್ದ ಸೀನಿಯರ್ ಒಬ್ಬಳು, ಆಫೀಸಿನವರಲ್ಲ. ಕೊನೆಗೆ ಜನವರಿ ಕೋರ್ಸಿಗೆ ಸೇರಿಕೊಂಡು ಏಪ್ರಿಲಿನಲ್ಲಿ ಪರೀಕ್ಷೆ ಬರೆಯುವುದು ಅಂತಾಯಿತು. ಪರಿಸರ ಅಧ್ಯಯನವನ್ನು ಬೇಸಿಗೆ ರಜೆಯಲ್ಲಿ ನಡೆಯುವ ಫಾಸ್ಟ್ ಟ್ರ್ಯಾಕ್ ಸೆಮಿಸ್ಟರಿನಲ್ಲಿ ಬರೆಯುವುದು.

ಇದೆಲ್ಲ ಸೇರಿ ಲರ್ನಿಂಗ್ ಅಗ್ರಿಮೆಂಟ್ ಅಂತ ಎರಡು ಪುಟ ಆಯಿತು. ನಾನು, ನಮ್ಮ ಎಚ್ಒಡಿ, ಅಲ್ಲಿಯ ಕೋಆರ್ಡಿನೇಟರ್, ಮೂವರ ಸಹಿ. ಅದರ ಮೇಲೆ ಪ್ರಿನ್ಸಿಪಾಲರು ಲೆಟರ್‌ಹೆಡ್ಡಿನಲ್ಲಿ ಒಂದು ಅನುಮತಿ ಪತ್ರ ಕೊಟ್ಟರು. ಅಪ್ಪನಿಗೆ ತೋರಿಸಿದೆ. ಅಪ್ಪ ಓದಿದ್ದು ಪಿಯುಸಿ. ಪತ್ರವನ್ನು ಎರಡು ಸಲ ಓದಿ ಕೇಳಿದರು, “ಇದ್ರಲ್ಲಿ ನೀನು ಹೋಗ್ಬೋದು ಅಂತ ಐತೆ. ಬಂದ್ಮೇಲೆ ಸೇರಿಸ್ಕೊತೀವಿ ಅಂತ ಎಲ್ಲೈತವ್ವ?”

“ಅದೆಲ್ಲ ಇರುತ್ತಪ್ಪ, ಕಾಲೇಜೇ ಕಳಿಸ್ತಿರೋದು” ಅಂದೆ.

“ಮಂಡಿಲಿ ತೂಕದ ಚೀಟಿ ಕೈಗೆ ಬರೋವರ್ಗೂ ನಾನು ಚೀಲ ಬಿಟ್ಟು ಕದಲಲ್ಲ ಕಣವ್ವ” ಅಂದರು. ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಅಂದು ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೆಪ್ಟೆಂಬರ್ ಕೊನೆಗೆ ಹೊರಟೆ. ಅಲ್ಲಿ ಅಕ್ಟೋಬರ್ 1ಕ್ಕೆ ಕ್ಲಾಸು ಶುರು. ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಹೆಲ್ತ್ ಇನ್ಶೂರೆನ್ಸ್ ಇಲ್ಲದೆ ಕಾಲೇಜು ಸೇರಿಸಿಕೊಳ್ಳುವುದಿಲ್ಲ. ಇವೆಲ್ಲ ಕೆಲಸಕ್ಕೂ ಅಲ್ಲಿಯ ಕಾಲೇಜಿನವರೇ ಒಬ್ಬ ವಿದ್ಯಾರ್ಥಿಯನ್ನು ಜೊತೆ ಮಾಡಿ ಕಳಿಸಿದರು. ಪಾಠದ ರೀತಿ ನನಗೆ ತುಂಬಾ ಇಷ್ಟವಾಯಿತು. ಇಂಟರ್ನಲ್ಸ್ ಇಲ್ಲ, ಹೆಚ್ಚಿನ ಸಬ್ಜೆಕ್ಟಿಗೆ ಹಾಜರಿಯೇ ಕರೆಯುವುದಿಲ್ಲ. ಕೊನೆಗೆ ಒಂದೇ ಪರೀಕ್ಷೆ. ಆದರೆ ಆ ಪರೀಕ್ಷೆಗೆ ನಾವೇ ಪೋರ್ಟಲ್ಲಿನಲ್ಲಿ ಬೇರೆಯಾಗಿ ಹೆಸರು ಹಾಕಬೇಕು, ಅದಕ್ಕೆ ಕೆಲವೇ ದಿನದ ಗಡುವು. ಇಡೀ ಸೆಮಿಸ್ಟರ್ ಕ್ಲಾಸಿಗೆ ಹೋಗಿ ಇದೊಂದನ್ನು ಮರೆತರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಮ್ಮ ಥರ ಫೈನ್ ಕಟ್ಟಿ ಸರಿಮಾಡಿಕೊಳ್ಳುವುದು ಅಲ್ಲಿಲ್ಲ.

ಎರಡನೇ ವಾರ ಒಂದು ಮೇಲ್ ಬಂತು. ನಾನು ತೆಗೆದುಕೊಂಡಿದ್ದ ಎಲೆಕ್ಟಿವ್‌ಗೆ (ನಾವೇ ಆರಿಸಿಕೊಳ್ಳುವ ಸಬ್ಜೆಕ್ಟಿಗೆ) ಸಾಕಷ್ಟು ಜನ ಸೇರಿಲ್ಲ, ರದ್ದಾಗಿದೆ. ಬದಲಿಗೆ ಆಟೊಮೇಷನ್ ತೆಗೆದುಕೊಳ್ಳಬಹುದು. ತಕ್ಷಣ ನಮ್ಮ ಎಚ್ಒಡಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. “ಓಕೆ ಅಮ್ಮ, ತಗೋ. ಆಲ್ ದ ಬೆಸ್ಟ್.” ಅಲ್ಲಿಯ ಕೋಆರ್ಡಿನೇಟರ್ ಬದಲಾವಣೆಯ ಫಾರಂ ತುಂಬಿ ಸಹಿ ಹಾಕಿ ಕೊಟ್ಟರು. ಇನ್ನೊಂದು ಸಹಿ ನಮ್ಮ ಕಾಲೇಜಿನದು. ಸ್ಕ್ಯಾನ್ ಮಾಡಿ ಮೇಲ್ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ವಾಟ್ಸಾಪಿನಲ್ಲಿ ಹೂಂ ಅಂದಿದ್ದಾರಲ್ಲ ಅಂತ ನಾನೂ ಸುಮ್ನಾದೆ.

ಆಮೇಲೆ ಡಿಸೆಂಬರ್. ಆ ಫೋಟೋ.

ನಮ್ಮ ಕಾಲೇಜಿನಲ್ಲಿ ಶೇ. 85 ಹಾಜರಿ ಬೇಕು. ಕಾಲೇಜಿನ ಕೆಲಸಕ್ಕೆ ಹೊರಗೆ ಹೋದವರಿಗೆ ಓಡಿ ಕೊಡುತ್ತಾರೆ, ಅಂದರೆ ಆನ್ ಡ್ಯೂಟಿ. ಕ್ರಿಕೆಟ್ ಟೀಮಿಗೆ, ಫೆಸ್ಟಿಗೆ ಹೋದವರಿಗೆಲ್ಲ ಅದು ಗೊತ್ತು. ಎಲೆಕ್ಟ್ರಾನಿಕ್ಸ್ ಹುಡುಗನಿಗೆ ಅವನ ಪ್ರಾಕ್ಟರ್ (ವಿದ್ಯಾರ್ಥಿಗಳ ಹಾಜರಿ, ಓದು ನೋಡಿಕೊಳ್ಳುವ ಮೇಷ್ಟ್ರು) ಮೊದಲ ದಿನವೇ ಇಡೀ ಸೆಮಿಸ್ಟರಿಗೆ ಓಡಿ ಹಾಕಿದ್ದರು. ನನ್ನ ಪ್ರಾಕ್ಟರ್ ಮೇಡಂ ಆಗಸ್ಟಿನಲ್ಲಿ ಹೆರಿಗೆ ರಜೆಗೆ ಹೋಗಿದ್ದರು. ಅವರ ಜಾಗಕ್ಕೆ ಬಂದವರಿಗೆ ನನ್ನ ವಿಷಯವೇ ಗೊತ್ತಿರಲಿಲ್ಲ.

ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಬೆಂಗಳೂರಿನಲ್ಲಿ ಆಫೀಸು ತೆಗೆಯುವ ಹತ್ತು ಗಂಟೆಗೆ ಅಲ್ಲಿ ಐದೂವರೆ. ಒಂದು ವಾರ ಐದೂವರೆಗೆ ಅಲಾರಂ ಇಟ್ಟು ಎದ್ದೆ. ಪಕ್ಕದ ಕೋಣೆಯವರಿಗೆ ತೊಂದರೆ ಆಗದಿರಲಿ ಅಂತ ಅಡುಗೆಮನೆಗೆ ಹೋಗಿ, ಹೀಟರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಫೋನ್ ಮಾಡುತ್ತಿದ್ದೆ. ಡಿಪಾರ್ಟ್‌ಮೆಂಟಿನವರು ಎಗ್ಸಾಮ್ ಸೆಕ್ಷನ್ನಿಗೆ ಕೇಳಿ ಅಂದರು. ಅವರು ಡಿಪಾರ್ಟ್‌ಮೆಂಟಿನಿಂದ ಲೆಟರ್ ಬರಲಿ ಅಂದರು. ಇಂಟರ್‌ನ್ಯಾಷನಲ್ ಸೆಲ್ಲಿನ ಸರ್ ವಿದೇಶ ಪ್ರವಾಸದಲ್ಲಿದ್ದರು. “ಗಾಬರಿ ಆಗ್ಬೇಡ, ನೀನು ಬಂದ್ಮೇಲೆ ನೋಡೋಣ” ಅಂತ ಎಲ್ಲರೂ ಹೇಳಿದರು. ಬಂದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಡಿಟೇನ್ ಆದರೆ ಆ ಸೆಮಿಸ್ಟರನ್ನು ಜೂನಿಯರ್‌ಗಳ ಜೊತೆ ಮತ್ತೆ ಓದಬೇಕು, ಒಂದು ವರ್ಷ ಹಿಂದೆ ಬೀಳುತ್ತೇನೆ.

ಮನೆಗೆ ಹೇಳಬಾರದು ಅಂದುಕೊಂಡಿದ್ದೆ. ಆದರೆ ಕಾಲೇಜಿನಿಂದ ಅಪ್ಪನ ನಂಬರಿಗೆ ತಾನಾಗೇ ಮೆಸೇಜ್ ಹೋಗಿತ್ತು, ನಿಮ್ಮ ಮಗಳು ಹಾಜರಿ ಕೊರತೆಯಿಂದ ಪರೀಕ್ಷೆಗೆ ಅರ್ಹಳಲ್ಲ ಅಂತ. ಅಪ್ಪ ಫೋನ್ ಮಾಡಿ ಬೈಯಲಿಲ್ಲ. “ಏನೇನು ಕಾಗದ ಐತೆ, ಎಲ್ಲಾ ಕಳ್ಸು” ಅಂದರು ಅಷ್ಟೇ. ಊರಿನ ಸೈಬರ್ ಸೆಂಟರಿನಲ್ಲಿ ಎಲ್ಲ ಪ್ರಿಂಟ್ ತೆಗೆಸಿ, ಮರುದಿನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರು.

ಎಗ್ಸಾಮ್ ಸೆಕ್ಷನ್ನಿನ ಮುಂದೆ ಮಧ್ಯಾಹ್ನ ಮೂರರವರೆಗೆ ಕೂತಿದ್ದರಂತೆ. ಅಲ್ಲೊಬ್ಬ ಹಿರಿಯ ಮೇಡಂ ಕರೆದು ವಿಚಾರಿಸಿದರು. ಅನುಮತಿ ಪತ್ರವನ್ನು ಕೈಗೆ ತೆಗೆದುಕೊಂಡು ಅವರು ಮೊದಲು ನೋಡಿದ್ದು ಪತ್ರದ ತಳ. ಅಲ್ಲಿ “ಪ್ರತಿ” ಅಂತ ಬರೆದು ಕೆಳಗೆ ಮೂರು ಹೆಸರು: ಎಚ್ಒಡಿ, ಇಂಟರ್‌ನ್ಯಾಷನಲ್ ಸೆಲ್, ವಿದ್ಯಾರ್ಥಿ. “ನೋಡಿ ಯಜಮಾನ್ರೇ, ನಮಗೆ ಪ್ರತಿಯೇ ಇಲ್ಲ. ಇದು ನಮ್ಮಲ್ಲಿಗೆ ಇನ್‌ವರ್ಡ್ ಆಗಿಲ್ಲ. ನಮಗೆ ಹೇಗೆ ಗೊತ್ತಾಗ್ಬೇಕು?” ಅಂದರಂತೆ. ಇನ್‌ವರ್ಡ್ ಅಂದರೆ ಬಂದ ಪತ್ರವನ್ನು ಕಚೇರಿಯ ರಿಜಿಸ್ಟರಿನಲ್ಲಿ ದಾಖಲಿಸುವುದು. ತಪ್ಪು ಅವರದಲ್ಲ. ಆ ಮೇಡಂ ಅಪ್ಪನಿಂದ ಅಲ್ಲೇ ಒಂದು ಅರ್ಜಿ ಬರೆಸಿ, ಪತ್ರದ ಜೆರಾಕ್ಸ್ ಲಗತ್ತಿಸಿ, ಸೀಲು ಒತ್ತಿ, ಇನ್‌ವರ್ಡ್ ನಂಬರ್ ಹಾಕಿ ಕೊಟ್ಟರು. ಆ ಅರ್ಜಿಯ ಫೋಟೋ ಇವತ್ತಿಗೂ ನನ್ನ ಫೋನಿನಲ್ಲಿದೆ. ಅಪ್ಪನ ದುಂಡು ಅಕ್ಷರ, ಅದರ ಮೇಲೆ ಓರೆಯಾಗಿ ಬಿದ್ದ ನೇರಳೆ ಸೀಲು. ನಾಲ್ಕನೇ ದಿನ ಡಿಟೇನ್ಡ್ ಲಿಸ್ಟಿನಿಂದ ನನ್ನ ಯುಎಸ್‌ಎನ್ ತೆಗೆದರು.

ಫೆಬ್ರವರಿ ಎರಡನೇ ವಾರ ನನ್ನ ಕೊನೆಯ ಪರೀಕ್ಷೆ ಮುಗಿಯಿತು. ಇಲ್ಲಿ ಅಷ್ಟರಲ್ಲಿ 6ನೇ ಸೆಮಿಸ್ಟರ್ ಶುರುವಾಗಿತ್ತು. ಎರಡೂ ಕಡೆಯ ಕ್ಯಾಲೆಂಡರ್ ಹೊಂದುವುದೇ ಇಲ್ಲ. ಬಂದು ಇಳಿದ ಮರುದಿನವೇ ಕ್ಲಾಸಿಗೆ ಹೋದೆ, ಹೋಗಿದ್ದ ದಿನಗಳಿಗೆ ಈ ಸಲ ನಾನೇ ಓಡಿ ಹಾಕಿಸಿಕೊಂಡೆ. ಆದರೆ 5ನೇ ಸೆಮಿಸ್ಟರಿನ ರಿಸಲ್ಟ್ ತೆಗೆದರೆ ಎಂಟೂ ಸಬ್ಜೆಕ್ಟಿನ ಮುಂದೆ ಎಬಿ, ಆಬ್ಸೆಂಟ್. ಬೇರೆ ಕಡೆ ಓದುತ್ತಿದ್ದಾಳೆ ಅಂತ ತೋರಿಸಲು ಆ ಸಾಫ್ಟ್‌ವೇರಿನಲ್ಲಿ ಒಂದು ಕೋಡೇ ಇರಲಿಲ್ಲ. ಕಂಪ್ಯೂಟರ್ ಪ್ರಕಾರ ನನಗೆ ಎಂಟು ಬ್ಯಾಕ್‌ಲಾಗ್.

ಜರ್ಮನಿಯಿಂದ ಟ್ರಾನ್ಸ್‌ಕ್ರಿಪ್ಟ್ ಬಂದಿದ್ದು ಮಾರ್ಚ್ ಕೊನೆಗೆ. ಅಲ್ಲಿ ಪೇಪರ್ ನೋಡಿ ಅಂಕ ಕೊಡಲು ಅಷ್ಟು ಸಮಯ ಬೇಕು. ಅಲ್ಲಿಯ ಗ್ರೇಡು ನಮ್ಮದಕ್ಕೆ ತಲೆಕೆಳಗು. 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಪಾಸು, 5.0 ಫೇಲು. ನನಗೆ ಪ್ರಾಜೆಕ್ಟಿನಲ್ಲಿ 1.3, ಮಷಿನ್ ಡಿಸೈನಿನಲ್ಲಿ 1.7, ಟರ್ಬೊ ಮಷಿನ್ಸ್‌ಗೆ 2.3 ಬಂದಿತ್ತು. ಆಟೊಮೇಷನ್‌ನಲ್ಲಿ 3.0, ಅದು ನನಗೆ ನಿಜವಾಗಿಯೂ ಕಷ್ಟವಾಗಿತ್ತು.

ಏಪ್ರಿಲಿನಲ್ಲಿ ಎಗ್ಸಾಮ್ ಸೆಕ್ಷನ್ನಿಗೆ ಕರೆದು ಡ್ರಾಫ್ಟ್ ತೋರಿಸಿದರು. ಪ್ರಾಜೆಕ್ಟ್ 3.25, ಫೇಲ್. ಮಷಿನ್ ಡಿಸೈನ್ 4.25. ಆಟೊಮೇಷನ್ 7.5. ಎರಡು ನಿಮಿಷ ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅಮೆರಿಕದ ಜಿಪಿಎ ಹಾಗೆ 4ಕ್ಕೆ ಇಷ್ಟು ಅಂದುಕೊಂಡು, ನಾಲ್ಕರಿಂದ ಭಾಗಿಸಿ ಹತ್ತರಿಂದ ಗುಣಿಸಿದ್ದಾರೆ. ಎಂಎಸ್ ಮಾಡಲು ಹೋಗುವವರ ಟ್ರಾನ್ಸ್‌ಕ್ರಿಪ್ಟ್ ನೋಡಿ ನೋಡಿ ಅವರಿಗೆ ಅದೇ ಅಭ್ಯಾಸ. ಟ್ರಾನ್ಸ್‌ಕ್ರಿಪ್ಟಿನ ಹಿಂದಿನ ಪುಟದಲ್ಲಿ ಗ್ರೇಡಿನ ವಿವರಣೆ ಇರುತ್ತದೆ. ಜೆರಾಕ್ಸ್ ಮಾಡುವಾಗ ಮುಂದಿನ ಪುಟ ಮಾತ್ರ ಮಾಡಿದ್ದರು.

ಇದಕ್ಕೊಂದು ಸೂತ್ರವೇ ಇದೆ, ಮಾಡಿಫೈಡ್ ಬವೇರಿಯನ್ ಫಾರ್ಮುಲಾ ಅಂತ. ಹೊರಗಿನ ಅಂಕಗಳನ್ನು ಜರ್ಮನ್ ಗ್ರೇಡಿಗೆ ತರಲು ಅಲ್ಲಿ ಬಳಸುವುದು. ಅದನ್ನೇ ಹಿಂದುಮುಂದು ಮಾಡಿದರೆ ನಮ್ಮ ಕೆಲಸ ಆಗುತ್ತದೆ. ಅಲ್ಲಿ ಅತ್ಯುತ್ತಮ 1, ಪಾಸು 4, ನಡುವೆ 3ರ ಅಂತರ. ನಮ್ಮಲ್ಲಿ ಅತ್ಯುತ್ತಮ 10, ಪಾಸು 4, ನಡುವೆ 6ರ ಅಂತರ. ಅಂದರೆ ಅಲ್ಲಿ 1ರಿಂದ ಎಷ್ಟು ಕೆಳಗಿದ್ದೇವೋ ಅದರ ಎರಡರಷ್ಟನ್ನು 10ರಿಂದ ಕಳೆಯಬೇಕು. 1.3 ಅಂದರೆ 0.3 ಕೆಳಗೆ. ಎರಡರಷ್ಟು 0.6. ಹತ್ತರಲ್ಲಿ ಕಳೆದರೆ 9.4. ಹೀಗೇ 1.7 ಅಂದರೆ 8.6. 2.3 ಅಂದರೆ 7.4. 3.0 ಅಂದರೆ 6. ಅದೇ ಹಿರಿಯ ಮೇಡಂ ಎದುರು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವರು ಕ್ಯಾಲ್ಕುಲೇಟರ್ ತೆಗೆದು ಒಂದೊಂದನ್ನೂ ತಾವೇ ಮಾಡಿ ನೋಡಿದರು. “ಆಟೊಮೇಷನ್ ಒಂದೂವರೆ ಪಾಯಿಂಟ್ ಕಮ್ಮಿ ಆಗುತ್ತಲ್ಲಮ್ಮ” ಅಂದರು. “ಆಗಲಿ ಮೇಡಂ, ನನಗೆ ಬಂದಿದ್ದೇ ಅಷ್ಟು” ಅಂದೆ. ಆ ಹಾಳೆಯನ್ನು ಅವರೇ ಫೈಲಿಗೆ ಸೇರಿಸಿದರು.

ಅಂಕ ಸರಿಯಾಯಿತು. ಜೂನ್‌ನಲ್ಲಿ ಬೋರ್ಡ್ ಆಫ್ ಸ್ಟಡೀಸ್ ಕೂತಾಗ ಎಲೆಕ್ಟಿವ್ ಸಿಕ್ಕಿಬಿತ್ತು. ಒಪ್ಪಿಗೆ ಆದ ಪಟ್ಟಿಯಲ್ಲಿ ಇರುವುದು ಬೇರೆ, ಓದಿ ಬಂದಿರುವುದು ಬೇರೆ. ವಾಟ್ಸಾಪ್ ಸಂದೇಶ ತೋರಿಸಿದೆ. ಎಚ್ಒಡಿ ಸರ್ ಅಲ್ಲೇ ಇದ್ದರು, “ಹೌದು, ನಾನೇ ಹೇಳಿದ್ದೆ” ಅಂತ ಒಪ್ಪಿಕೊಂಡರು. ಆದರೆ ವಾಟ್ಸಾಪನ್ನು ನಡಾವಳಿಯಲ್ಲಿ ಬರೆಯಲು ಬರುವುದಿಲ್ಲ. ಅಕ್ಟೋಬರಿನಲ್ಲಿ ನಾನು ಕಳಿಸಿದ್ದ ಬದಲಾವಣೆ ಫಾರಂಗೆ ಅವರ ಸಹಿ ಅವತ್ತು ಬಿತ್ತು, ಎಂಟು ತಿಂಗಳ ನಂತರ. ತಡವಾಗಿ ಸಹಿ ಆಗಿದ್ದರಿಂದ ಅಕಾಡೆಮಿಕ್ ಕೌನ್ಸಿಲ್ ವಿಶೇಷ ಒಪ್ಪಿಗೆ ಕೊಡಬೇಕು, ಅದು ಸೇರುವುದು ಆಗಸ್ಟಿನಲ್ಲಿ. ಒಂದು ಸಬ್ಜೆಕ್ಟಿಗಾಗಿ ಉಳಿದೆಲ್ಲವೂ ನಿಂತಿತು, ಗ್ರೇಡ್ ಕಾರ್ಡ್ ಬಿಡಿಬಿಡಿಯಾಗಿ ಕೊಡುವುದಿಲ್ಲ.

ಜುಲೈನಲ್ಲಿ ಪ್ಲೇಸ್‌ಮೆಂಟ್ ಶುರುವಾಯಿತು. ಮೊದಲು ಬಂದದ್ದು ನಾನು ತುಂಬಾ ಆಸೆಪಟ್ಟಿದ್ದ ಕಂಪನಿ, ಅವರ ಮುಖ್ಯ ಕಚೇರಿ ಇರುವುದೂ ಜರ್ಮನಿಯಲ್ಲೇ. ಬ್ಯಾಕ್‌ಲಾಗ್ ಇರಬಾರದು ಅನ್ನುವುದು ಅವರ ನಿಯಮ. ಪೋರ್ಟಲ್ಲು ನನ್ನ ಎಂಟು ಎಬಿಗಳನ್ನು ಎಣಿಸಿ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಪ್ಲೇಸ್‌ಮೆಂಟ್ ಆಫೀಸರ್ ಕಂಪನಿಯವರ ಹತ್ತಿರ ಮಾತಾಡುತ್ತೇನೆ ಅಂದರು, ಅಷ್ಟರಲ್ಲಿ ಟೆಸ್ಟ್ ಮುಗಿದಿತ್ತು. ಅವತ್ತು ಹಾಸ್ಟೆಲ್ಲಿಗೆ ಬಂದು ತುಂಬಾ ಅತ್ತೆ. ಅದರ ನೋವು ಈಗಲೂ ಹೋಗಿಲ್ಲ. ಯಾರೂ ಬೇಕಂತ ಮಾಡಿದ್ದಲ್ಲ, ನಿಜ. ಆದರೆ ವಿದ್ಯಾರ್ಥಿಗಳನ್ನು ಹೊರಗೆ ಕಳಿಸುವ ಕಾಲೇಜು ಅವರು ವಾಪಸ್ ಬರುವ ದಾರಿಯನ್ನೂ ಮೊದಲೇ ಮಾಡಿಡಬೇಕು. ಎಂಒಯು ಸಹಿ ಮಾಡುವಾಗಲೇ ಸಾಫ್ಟ್‌ವೇರಿನಲ್ಲಿ ಒಂದು ಕೋಡ್ ಸೇರಿಸಿದ್ದರೆ ಸಾಕಿತ್ತು. ಇದು ದುಡ್ಡಿಲ್ಲದೆ ಆಗುವ ಕೆಲಸ.

ಆಗಸ್ಟ್ ಕೊನೆಗೆ ಗ್ರೇಡ್ ಕಾರ್ಡ್ ಕೈಗೆ ಬಂತು. ಐದು ಸಬ್ಜೆಕ್ಟಿನ ಪಕ್ಕ ಪುಟ್ಟ ನಕ್ಷತ್ರದ ಗುರುತು. ವಿನಿಮಯ ಕಾರ್ಯಕ್ರಮದಲ್ಲಿ ಪಡೆದ ಕ್ರೆಡಿಟ್ ಅಂತ ಕೆಳಗೆ ಒಂದು ಸಾಲು. ಎನ್‌ಪಿಟಿಇಎಲ್, ಫಾಸ್ಟ್ ಟ್ರ್ಯಾಕ್, ಲ್ಯಾಬ್ ಎಲ್ಲ ಸೇರಿ 22 ಕ್ರೆಡಿಟ್. ಭಾನುವಾರ ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಕೈ ಒರೆಸಿಕೊಂಡು ತೆಗೆದುಕೊಂಡರು. ಮುಂದೆ ಓದಿ, ಹಿಂದೆ ತಿರುಗಿಸಿ ನೋಡಿ, ಸಹಿ ಸೀಲು ಎಲ್ಲ ಇದೆಯಾ ಅಂತ ಬೆರಳಿಟ್ಟು ನೋಡಿದರು.

ಈ ಸಲ ನಮ್ಮ ಡಿಪಾರ್ಟ್‌ಮೆಂಟಿನಿಂದ ಇನ್ನೊಬ್ಬ ಹುಡುಗಿ ಹೋಗುತ್ತಿದ್ದಾಳೆ. ನನ್ನ ಫೈಲನ್ನೇ ಅವಳ ಕೈಗೆ ಕೊಟ್ಟಿದ್ದೆ. ಹೋದ ವಾರ ಅವಳ ಅನುಮತಿ ಪತ್ರ ತಂದು ತೋರಿಸಿದಳು. ಕ್ಯಾಂಟೀನಿನಲ್ಲಿ ಕೂತು ಇಬ್ಬರೂ ಓದಿದೆವು. ಇಡೀ ಸೆಮಿಸ್ಟರಿಗೆ ಓಡಿ ಅಂತ ಇದೆ. ಕ್ರೆಡಿಟ್ ಯಾವುದಕ್ಕೆ ಎಷ್ಟು ಅಂತ ಪಟ್ಟಿ ಇದೆ. ಗ್ರೇಡ್ ಬದಲಿಸುವ ಸೂತ್ರ ಇದೆ. ಅಲ್ಲಿ ಸಬ್ಜೆಕ್ಟ್ ರದ್ದಾದರೆ ಹದಿನೈದು ದಿನದೊಳಗೆ ಡಿಪಾರ್ಟ್‌ಮೆಂಟ್ ಲಿಖಿತ ಉತ್ತರ ಕೊಡಬೇಕು ಅಂತಲೂ ಇದೆ. ಅದನ್ನು ಸೇರಿಸಿ ಅಂತ ಎಚ್ಒಡಿ ಸರ್ ಹತ್ತಿರ ನಾನೇ ಹೋಗಿ ಕೇಳಿಕೊಂಡಿದ್ದೆ.

ಪತ್ರದ ತಳಕ್ಕೆ ಬಂದೆವು. “ಪ್ರತಿ” ಕೆಳಗೆ ಈಗ ಐದು ಹೆಸರು. ನಾಲ್ಕನೆಯದು ಪರೀಕ್ಷಾ ವಿಭಾಗ, ಐದನೆಯದು ಪ್ಲೇಸ್‌ಮೆಂಟ್ ವಿಭಾಗ.

“ಇನ್‌ವರ್ಡ್ ಮಾಡಿಸಿದ್ಯಾ?” ಅಂತ ಕೇಳಿದೆ.

“ಇನ್ನೂ ಇಲ್ಲ ಅಕ್ಕ.”

ಗಂಟೆ ಮೂರೂಮುಕ್ಕಾಲು ಆಗಿತ್ತು. ಎಗ್ಸಾಮ್ ಸೆಕ್ಷನ್ ನಾಲ್ಕೂವರೆಗೆ ಮುಚ್ಚುತ್ತದೆ. ಕಾಫಿ ಅಲ್ಲೇ ಬಿಟ್ಟು ಇಬ್ಬರೂ ಎದ್ದೆವು.